ಅಡಿಕೆ ಮೂಟೆಗಳಿದ್ದ ಕೋಣೆಯಲ್ಲಿ ಆರು ವರ್ಷ: ಸಣ್ಣ ಸ್ಟುಡಿಯೋದ ಮೈಕುಗಳ ವಿಮರ್ಶೆ

ಸಾಗರ ತಾಲ್ಲೂಕಿನ ನಮ್ಮ ಹಳ್ಳಿಮನೆಯ ಜಗಲಿಗೆ ತಾಗಿಕೊಂಡಿರುವ ಕೋಣೆಯೊಂದರಲ್ಲಿ ಆರು ವರ್ಷಗಳಿಂದ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದೇನೆ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ, ನೆಲದಿಂದ ಮರದ ಮುಚ್ಚಿಗೆಯವರೆಗೆ 9 ಅಡಿ ಎತ್ತರ. ಮುಚ್ಚಿಗೆಯ ಮೇಲೆ ಅಟ್ಟ, ಅದರ ಮೇಲೆ ಹಂಚಿನ ಮಾಡು. ಇಲ್ಲಿಗೆ ಭಾವಗೀತೆ ಹಾಡುವವರು ಬರುತ್ತಾರೆ, ಭಜನಾ ಮಂಡಳಿಯವರು ಬರುತ್ತಾರೆ, ಯಕ್ಷಗಾನದ ಬಡಗುತಿಟ್ಟಿನ ಭಾಗವತರು ಬರುತ್ತಾರೆ, ಮೃದಂಗ ಕಲಿಯುವ ಹುಡುಗರು ಮತ್ತು ಕೊಳಲು ನುಡಿಸುವ ಮೇಷ್ಟ್ರೊಬ್ಬರು ಬರುತ್ತಾರೆ. ಈ ಅವಧಿಯಲ್ಲಿ ಕೊಂಡ, ಎರವಲು ತಂದ, ಒಮ್ಮೆ ಮೋಸ ಹೋಗಿ ತಂದ ಸಾಮಾನುಗಳ ಬಗ್ಗೆ ವಿವರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇದು ದೊಡ್ಡ ನಗರದ, ಗಾಜಿನ ಗೋಡೆಯ ಸ್ಟುಡಿಯೋದಲ್ಲಿ ಮಾಡಿದ ಪರೀಕ್ಷೆಯಲ್ಲ. ಪಕ್ಕದ ಕೊಟ್ಟಿಗೆಯಲ್ಲಿ ಎಮ್ಮೆ ಕೂಗುವ, ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆಯುವ ಮನೆಯಲ್ಲಿ ನಡೆದದ್ದು.

ಮೈಕುಗಳಿಗಿಂತ ಮೊದಲು ಕೋಣೆಯ ವಿಷಯ ಹೇಳಲೇಬೇಕು, ಏಕೆಂದರೆ ನನ್ನ ಮೊದಲ ಮೈಕಿನ ಬಗ್ಗೆ ನಾನು ತಪ್ಪು ತೀರ್ಮಾನಕ್ಕೆ ಬಂದದ್ದು ಕೋಣೆಯ ದೆಸೆಯಿಂದಲೇ. ಕೆಲಸ ಆರಂಭಿಸಿದ ವರ್ಷ ಈ ಕೋಣೆಯ ಅರ್ಧ ಭಾಗದಲ್ಲಿ ಅಡಿಕೆ ಮೂಟೆಗಳನ್ನು ಪೇರಿಸಿಟ್ಟಿದ್ದೆವು. ದರ ಏರಲಿ ಎಂದು ಅಪ್ಪ ಕಾಯುತ್ತಿದ್ದರು. ಆ ಮೂಟೆಗಳ ಎದುರು ಕುಳಿತು ಹಾಡಿಸಿದ ನಾಲ್ಕು ಭಾವಗೀತೆಗಳು ಇಂದಿಗೂ ಕೇಳುವಂತಿವೆ. ಬೇಸಿಗೆಯಲ್ಲಿ ಅಡಿಕೆ ಮಂಡಿಗೆ ಹೋಯಿತು, ಕೋಣೆ ವಿಶಾಲವಾಯಿತೆಂದು ನಾನು ಹಿಗ್ಗಿದೆ. ಮರುವಾರ ಅದೇ ಗಾಯಕಿ, ಅದೇ ಮೈಕು, ಅದೇ ಜಾಗದಲ್ಲಿ ಹಾಡಿದಾಗ ದನಿ ಕೊಡದೊಳಗಿಂದ ಬಂದಂತೆ ಕೇಳಿಸಿತು. ಮೈಕು ಕೆಟ್ಟಿದೆಯೆಂದು ಎರಡು ದಿನ ಅದನ್ನೇ ದೂರಿದೆ. ಅಡಿಕೆ ತುಂಬಿದ ಗೋಣಿಚೀಲಗಳು ದನಿಯನ್ನು ಹೀರಿಕೊಳ್ಳುತ್ತಿದ್ದವು, ಅವುಗಳ ಉಬ್ಬುತಗ್ಗಾದ ಮೈ ಉಳಿದ ದನಿಯನ್ನು ಚದುರಿಸುತ್ತಿತ್ತು ಎಂಬುದು ಹೊಳೆದದ್ದು ಆಮೇಲೆ.

ಎರಡನೆಯ ತೊಂದರೆ ಇದಕ್ಕಿಂತ ಸೂಕ್ಷ್ಮವಾದದ್ದು. ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ ಹಾಡುವ ಗಂಡಸರ ಷಡ್ಜ ಮಾತ್ರ ಉಬ್ಬಿ ಗುಂಯ್ಗುಟ್ಟುತ್ತಿತ್ತು. ರಿಷಭಕ್ಕೆ ಹೋದರೆ ದನಿ ಸಹಜವಾಗುತ್ತಿತ್ತು. ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. 12 ಅಡಿ, ಅಂದರೆ 3.66 ಮೀಟರು ದೂರದ ಎರಡು ಗೋಡೆಗಳ ನಡುವೆ 47 ಹರ್ಟ್ಸ್ ಆವರ್ತನದ ಅಲೆ ನಿಂತುಬಿಡುತ್ತದೆ, ಅದರ ಇಮ್ಮಡಿ 94, ಮುಮ್ಮಡಿ 141. ಕಪ್ಪು ಒಂದರ ಷಡ್ಜ ಇರುವುದು 139ರ ಹತ್ತಿರ. ಗಾಯಕರನ್ನು ನಾನು ಕೂರಿಸುತ್ತಿದ್ದದ್ದು ಗೋಡೆಯಿಂದ ನಾಲ್ಕು ಅಡಿ ದೂರದಲ್ಲಿ, ಅಂದರೆ ಕೋಣೆಯ ಉದ್ದದ ಮೂರನೇ ಒಂದು ಭಾಗದಲ್ಲಿ. ಆ ಅಲೆ ಅತ್ಯಂತ ಜೋರಾಗಿರುವ ಜಾಗವೇ ಅದು. ಮೈಕನ್ನೂ ಗಾಯಕರನ್ನೂ ಎರಡು ಅಡಿ ಮುಂದಕ್ಕೆ, ಕೋಣೆಯ ನಟ್ಟನಡುವಿಗೆ ಸರಿಸಿದ ಕೂಡಲೇ ಷಡ್ಜ ಉಳಿದ ಸ್ವರಗಳ ಸಾಲಿಗೆ ಬಂತು. ಒಂದು ಪೈಸೆಯೂ ಖರ್ಚಾಗಲಿಲ್ಲ.

ಆನಂತರವೂ ಖರ್ಚು ಮಾಡಬೇಕಾದದ್ದು ಇತ್ತು. ಘನಮೀಟರಿಗೆ 48 ಕಿಲೋ ಸಾಂದ್ರತೆಯ ರಾಕ್‌ವುಲ್ (ದನಿ ಹೀರುವ ಕಲ್ಲುನಾರು) ಹಲಗೆಗಳನ್ನು ನಾಲ್ಕು ಇಂಚು ದಪ್ಪವಾಗುವಂತೆ ಜೋಡಿಸಿ, ಊರಿನ ಆಚಾರಿಯವರಿಂದ ಚೌಕಟ್ಟು ಮಾಡಿಸಿ, ಮೇಲೆ ಹತ್ತಿಬಟ್ಟೆ ಹೊದಿಸಿ, ಗೋಡೆಗೂ ಅದಕ್ಕೂ ನಾಲ್ಕು ಇಂಚು ಜಾಗ ಬಿಟ್ಟು ಎಂಟು ಕಡೆ ನಿಲ್ಲಿಸಿದ್ದೇನೆ. ಈ ಜಾಗ ಬಿಡುವುದನ್ನು ಮರೆಯಬಾರದು. ಗೋಡೆಗೆ ಒತ್ತಿ ನಿಲ್ಲಿಸಿದರೆ ಮಂದ್ರದ ದನಿಗೆ ಅದರಿಂದ ಆಗುವ ಪ್ರಯೋಜನ ಬಹಳ ಕಡಿಮೆ. ಮೊಟ್ಟೆಯ ಟ್ರೇ ಅಂಟಿಸುವ ಸಲಹೆಯನ್ನು ನನಗೂ ಹಲವರು ಕೊಟ್ಟಿದ್ದರು. ಅಂಟಿಸಿ ನೋಡಿದ್ದೇನೆ: ಚಪ್ಪಾಳೆ ತಟ್ಟಿದಾಗ ಮರಳುವ ಚುರುಕು ದನಿ ತುಸು ಕಡಿಮೆಯಾಗುತ್ತದೆ, ಷಡ್ಜದ ಗುಂಯ್ ಹಾಗೆಯೇ ಉಳಿಯುತ್ತದೆ, ಇಲಿಗಳು ಬರುತ್ತವೆ.

ಇಷ್ಟಾದ ಮೇಲೆ ಮೈಕುಗಳನ್ನು ಅಳೆಯಲು ನನಗೆ ಒಂದು ಮಾನದಂಡ ಸಿಕ್ಕಿತು. ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧವಾದರೆ ನೇರವಾಗಿ ಬರುವ ದನಿ 6 ಡೆಸಿಬೆಲ್ ಏರುತ್ತದೆ. ಗೋಡೆ ತಾಗಿ ಮರಳುವ ದನಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಒಂದು ಅಡಿ ದೂರದಲ್ಲಿದ್ದವರು ನಾಲ್ಕು ಬೆರಳಿನಷ್ಟು ಹತ್ತಿರಕ್ಕೆ ಬಂದರೆ ಹನ್ನೆರಡು ಡೆಸಿಬೆಲ್‌ನಷ್ಟು ಲಾಭ. ಅಷ್ಟನ್ನು ರಾಕ್‌ವುಲ್‌ನಿಂದ ಪಡೆಯಲು ಬಹಳ ಹಣ ಬೇಕು. ಆಯಸ್ಕಾಂತ ಮತ್ತು ತಂತಿಸುರುಳಿಯಿಂದ ಕೆಲಸ ಮಾಡುವ ಡೈನಮಿಕ್ ಮೈಕು ಕೋಣೆಯನ್ನು ಕೇಳಿಸಿಕೊಳ್ಳುವುದಿಲ್ಲ, ವಿದ್ಯುದಂಶ ತುಂಬಿದ ತೆಳು ಪೊರೆಯ ಕಂಡೆನ್ಸರ್ ಮೈಕು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ ಎಂದು ಹೇಳುವುದುಂಟು. ಇದು ಅರ್ಧ ಸತ್ಯ. ಒಂದೇ ದೂರದಲ್ಲಿಟ್ಟು ದನಿಯ ಮಟ್ಟವನ್ನು ಸರಿಸಮ ಮಾಡಿದರೆ ಎರಡೂ ಕೋಣೆಯನ್ನು ಬಹುತೇಕ ಒಂದೇ ಪ್ರಮಾಣದಲ್ಲಿ ಹಿಡಿಯುತ್ತವೆ. ನಿಜವಾದ ವ್ಯತ್ಯಾಸವೆಂದರೆ ಡೈನಮಿಕ್ ಮೈಕು ಬಾಯಿಯನ್ನು ತೀರ ಹತ್ತಿರಕ್ಕೆ ಬಿಟ್ಟುಕೊಳ್ಳುತ್ತದೆ, ಕಂಡೆನ್ಸರ್ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಯಾವ ಮೈಕು ಎಷ್ಟು ಹತ್ತಿರದಿಂದ ಹಾಡಿದರೂ ಕೆಡದೆ ಉಳಿಯುತ್ತದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಬೆಲೆ ಆಮೇಲೆ.

ಮೊದಲು ಕೊಂಡದ್ದು ಜಪಾನಿನ ಆಡಿಯೋ-ಟೆಕ್ನಿಕಾ ಕಂಪನಿಯ ಎಟಿ2020. ಕಡಿಮೆ ಬೆಲೆಯ ಕಂಡೆನ್ಸರ್ ಮೈಕುಗಳಲ್ಲಿ ಬಹಳ ಕಾಲದಿಂದ ಹೆಸರು ಮಾಡಿರುವ ಮಾದರಿ. ಒಳಗಿನ ಪೊರೆ 16 ಮಿಲಿಮೀಟರಿನದು, ದನಿ ಹಿಡಿಯುವುದು ಮುಖ್ಯವಾಗಿ ಮುಂಭಾಗದಿಂದ. ಮಂದ್ರವನ್ನು ಕತ್ತರಿಸುವ ಸ್ವಿಚ್ಚಾಗಲಿ, ಮಟ್ಟವನ್ನು ತಗ್ಗಿಸುವ ಸ್ವಿಚ್ಚಾಗಲಿ ಇದರಲ್ಲಿಲ್ಲ. ಮೈಕಿನದೇ ಸದ್ದು 20 ಡೆಸಿಬೆಲ್. ಹೊಸ ಮೈಕುಗಳಿಗೆ ಹೋಲಿಸಿದರೆ ಇದು ಹೆಚ್ಚು, ಆದರೆ ರಾತ್ರಿ ಹತ್ತರ ಮೇಲೂ ಜೀರುಂಡೆಗಳಿಂದಾಗಿ ನಮ್ಮ ಕೋಣೆ ಇದಕ್ಕಿಂತ ಗದ್ದಲದ್ದು, ಹಾಗಾಗಿ ತಂಬೂರಿಯೊಂದನ್ನೇ ಮುದ್ರಿಸುವಾಗ ಬಿಟ್ಟರೆ ಅದು ನನ್ನ ಕಿವಿಗೆ ಬೀಳಲಿಲ್ಲ. ಕೊಳಲಿಗೆ ಇದು ಚೆನ್ನಾಗಿದೆ. ಊದುವ ರಂಧ್ರಕ್ಕೆ ನೇರವಾಗಿ ಹಿಡಿಯದೆ, ಬೆರಳುಗಳಾಡುವ ಕಡೆಗೆ ಒಂದೂವರೆ ಅಡಿ ದೂರದಿಂದ ತೋರಿಸಿದರೆ ಉಸಿರಿನ ಸದ್ದು ಹಿತಮಿತವಾಗಿ ಬೀಳುತ್ತದೆ.

ಹಾಡುಗಾರಿಕೆಗೆ ಇದೇ ಮಾತು ಹೇಳಲಾರೆ. ‘ಶೇಷಾಚಲವಾಸ ಶ್ರೀನಿವಾಸ’ ಎಂದು ಹಾಡಿಸಿ ನೋಡಿ, ಶ, ಷ, ಸ ಮೂರೂ ಸೂಜಿಯಂತೆ ಚುಚ್ಚುತ್ತವೆ. ಮೈಕನ್ನು ಬಾಯಿಯ ನೇರದಿಂದ ತುಸು ಪಕ್ಕಕ್ಕೆ ತಿರುಗಿಸಿದರೆ ಅರ್ಧದಷ್ಟು ಸರಿಹೋಗುತ್ತದೆ. ಗೇಣಿಗಿಂತ ಹತ್ತಿರ ಬಂದರೆ ಇನ್ನೊಂದು ತೊಂದರೆ: ಭ, ಫ, ಧ ಅಕ್ಷರಗಳ ಉಸಿರು ಪೊರೆಗೆ ಬಡಿದು ‘ಧಬ್’ ಎನ್ನುತ್ತದೆ. ಮಹಾಪ್ರಾಣಗಳನ್ನು ಶುದ್ಧವಾಗಿ ಉಚ್ಚರಿಸುವ ಗಾಯಕರೇ ಧ್ವನಿಮುದ್ರಣದವನಿಗೆ ಹೆಚ್ಚು ಕಷ್ಟ ಕೊಡುತ್ತಾರೆ. ‘ಭಕ್ತಿ’ಯನ್ನು ‘ಬಕ್ತಿ’ ಎನ್ನುವವರ ಮುದ್ರಣ ಸಲೀಸು. ಬಟ್ಟೆಯ ಪಾಪ್ ಫಿಲ್ಟರನ್ನು ಮೈಕಿನಿಂದ ನಾಲ್ಕು ಬೆರಳು ದೂರದಲ್ಲಿ ಕಟ್ಟಲೇಬೇಕು. ಹೀಗೆ ಮಾಡಿದಾಗ ಗಾಯಕರು ತಾವಾಗಿಯೇ ಒಂದು ಗೇಣು ಹಿಂದೆ ಸರಿಯುತ್ತಾರೆ, ಕೋಣೆಯ ದನಿ ಒಳಗೆ ಬರುತ್ತದೆ. ರಾಕ್‌ವುಲ್ ಇಲ್ಲದ ಕೋಣೆಗೆ ಇದನ್ನು ಕೊಳ್ಳಿ ಎಂದು ಈಗ ನಾನು ಯಾರಿಗೂ ಹೇಳುವುದಿಲ್ಲ.

ಶೂರ್ ಎಸ್‌ಎಂ58 ಮತ್ತು ಎಸ್‌ಎಂ57ರ ಬಗ್ಗೆ ಹೊಸದಾಗಿ ಹೇಳಲು ಏನೂ ಉಳಿದಿಲ್ಲವೆಂದು ಭಾವಿಸಿದ್ದೆ. ಅಮೆರಿಕದ ಈ ಕಂಪನಿ 57ನ್ನು 1965ರಲ್ಲಿ, 58ನ್ನು 1966ರಲ್ಲಿ ಹೊರತಂದಿತು. ಎಸ್‌ಎಂ ಎಂದರೆ ಸ್ಟುಡಿಯೋ ಮೈಕ್ರೋಫೋನ್, ವೇದಿಕೆಗಳಲ್ಲಿ ಜನಪ್ರಿಯವಾದದ್ದು ನಂತರದ ಮಾತು. ನಮ್ಮ ಕಡೆಯ ಆರ್ಕೆಸ್ಟ್ರಾ, ಹರಿಕಥೆ, ಯಕ್ಷಗಾನದ ಆಟಗಳಲ್ಲಿ ಇದೇ ಆಕಾರದ ಮೈಕನ್ನು ನೋಡಿ ನೋಡಿ, ಇದು ಮುದ್ರಣಕ್ಕೆ ತಕ್ಕದ್ದಲ್ಲ ಎಂಬ ತಾತ್ಸಾರ ಹಲವರಿಗಿದೆ. ನನಗೂ ಇತ್ತು. ಅದನ್ನು ಬಿಡಿಸಿದವರು ಒಬ್ಬ ಭಾಗವತರು.

ಬಡಗುತಿಟ್ಟಿನ ಭಾಗವತರು ಹಾಡುವಾಗ ಕೈಯಲ್ಲಿ ತಾಳ ಹಿಡಿದಿರುತ್ತಾರೆ. ತಾಳ ಬಿಟ್ಟು ಹಾಡಿ, ಅದನ್ನು ಆಮೇಲೆ ಬೇರೆಯಾಗಿ ಮುದ್ರಿಸೋಣ ಎಂದರೆ ಪದದ ಲಯವೇ ಕೈತಪ್ಪುತ್ತದೆ. ಎಟಿ2020ರ ಮುಂದೆ ಕೂರಿಸಿದಾಗ ಪದಕ್ಕಿಂತ ತಾಳವೇ ಮುಂದೆ ನಿಂತಿತು, ಅದರ ಕಿಣಿಕಿಣಿ ಪ್ರತಿ ಸಾಲಿನ ಮೇಲೂ ಮೊಳೆ ಹೊಡೆದಂತೆ ಕೇಳಿಸಿತು. ಎಸ್‌ಎಂ58ನ್ನು ಗದ್ದಕ್ಕಿಂತ ಕೆಳಗಿನಿಂದ ಬಾಯಿಯತ್ತ ಮೇಲ್ಮುಖವಾಗಿ ಹಿಡಿದೆ. ಈ ಮೈಕು ಅತಿ ಕಡಿಮೆ ಕೇಳಿಸಿಕೊಳ್ಳುವುದು ತನ್ನ ಬಾಲದ ಕಡೆಯಿಂದ, ಆ ಬಾಲ ಈಗ ತಾಳ ಹಿಡಿದ ಕೈಗಳತ್ತ ತಿರುಗಿತ್ತು. ಅದರ ವ್ಯಾಪ್ತಿ 50ರಿಂದ 15,000 ಹರ್ಟ್ಸ್, ಅಂದರೆ ತಾರದ ತುತ್ತತುದಿಯಲ್ಲಿ ಅದು ತಾನೇ ಇಳಿಯುತ್ತದೆ. ಭಾಗವತರು ಬಾಯಿಯನ್ನು ಜಾಲರಿಗೆ ತಾಗಿಸಿಯೇ ಹಾಡಿದರು, ವೇದಿಕೆಯ ಅಭ್ಯಾಸ. ಪದ ಮುಂದೆ ಬಂತು, ತಾಳ ಹಿಂದೆ ಕುಳಿತಿತು, ಕೋಣೆ ಮಾಯವಾಯಿತು. ಹತ್ತಿರದಿಂದ ಹಾಡಿದಾಗ ಮಂದ್ರ ಉಬ್ಬುವುದು ಇಂಥ ಎಲ್ಲ ಮೈಕುಗಳ ಗುಣ. 58ರಲ್ಲಿ ಅದನ್ನು ಎಣಿಸಿಯೇ ಮಂದ್ರವನ್ನು ಮೊದಲಿಗೇ ಇಳಿಸಿಟ್ಟಿದ್ದಾರೆ. ಇದನ್ನು ಒಂದು ಅಡಿ ದೂರದಿಂದ ಬಳಸಿ ‘ದನಿ ತೆಳುವಾಗಿದೆ’ ಎನ್ನುವವರು ಮೈಕನ್ನು ತಪ್ಪಾಗಿ ಬಳಸುತ್ತಿದ್ದಾರೆ, ಅಷ್ಟೆ.

ಎಸ್‌ಎಂ57 ಚೆಂಡೆಗೆ. ಚೆಂಡೆಯ ಮುಂದೆ ಕಂಡೆನ್ಸರ್ ಇಟ್ಟು ಇಂಟರ್‌ಫೇಸಿನ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯ) ಕೆಂಪು ದೀಪ ಆರದೆ ಕಂಗೆಟ್ಟವನು ನಾನು. 57ನ್ನು ಒಂದು ಮೊಳ ದೂರದಲ್ಲಿ, ಮುಚ್ಚಿಗೆಯ ಅಂಚಿನತ್ತ ಓರೆಯಾಗಿ ಇಟ್ಟರೆ ಕೋಲಿನ ಏಟೂ ಸಿಗುತ್ತದೆ, ಚರ್ಮದ ನಾದವೂ ಸಿಗುತ್ತದೆ. ಸಂಕೇತವನ್ನು ಎತ್ತುವ ಗೇನ್ ತಿರುಪನ್ನು ಹೆಚ್ಚುಕಡಿಮೆ ಸೊನ್ನೆಯಲ್ಲಿಟ್ಟರೂ ಸಾಕು. ಕೋಣೆಗೂ ಮುಚ್ಚಿಗೆ, ಚೆಂಡೆಗೂ ಮುಚ್ಚಿಗೆ. ಕೆಳಗಿನದನ್ನು ಬಡಿದರೆ ಮೇಲಿನದೂ ನಡುಗುತ್ತದೆ ಎಂಬುದನ್ನು ಆ ದಿನ ಅಟ್ಟದಿಂದ ಉದುರಿದ ಧೂಳು ತೋರಿಸಿಕೊಟ್ಟಿತು.

58ನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ನಾನು ಮೊದಲು ತರಿಸಿದ್ದು ನಕಲಿ. ಆನ್‌ಲೈನ್‌ನಲ್ಲಿ ಅಪರಿಚಿತ ಮಾರಾಟಗಾರನೊಬ್ಬ ಅರ್ಧ ಬೆಲೆಗೆ ಕೊಡುತ್ತೇನೆಂದಾಗ ಅನುಮಾನ ಬರಬೇಕಿತ್ತು. ಪೆಟ್ಟಿಗೆ, ಚೀಲ, ಕ್ಲಿಪ್ಪು ಎಲ್ಲವೂ ಸರಿಯಾಗಿಯೇ ಕಂಡವು. ದನಿ ಮಾತ್ರ ತಗಡಿನ ಡಬ್ಬಿಯದು. ಅಸಲಿ ಮೈಕಿನ ತೂಕ 298 ಗ್ರಾಮ್ ಎಂದು ಕಂಪನಿಯ ಕೈಪಿಡಿಯಲ್ಲಿದೆ. ಊರಿನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟಾಗ ನನ್ನದು ಅದರ ಹತ್ತಿರಕ್ಕೂ ಬರಲಿಲ್ಲ. ‘ಮೈಕನ್ನೂ ತೂಕದ ಮೇಲೆ ಮಾರ್ತಾರಾ ಭಟ್ರೇ?’ ಎಂದು ಅಂಗಡಿಯವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ದುಡ್ಡು ವಾಪಸು ಬರಲಿಲ್ಲ. ಅಧಿಕೃತ ವಿತರಕರ ಬಿಲ್ಲು ಇಲ್ಲದೆ ಈ ಮೈಕನ್ನು ಕೊಳ್ಳಬೇಡಿ.

ಇದೇ ಕಂಪನಿಯ ಎಸ್‌ಎಂ7ಬಿ ಈಗ ಎಲ್ಲರ ಬಾಯಲ್ಲಿರುವ ಮೈಕು. ಯೂಟ್ಯೂಬಿನಲ್ಲಿ ಮಾತಾಡುವವರ ಮುಂದೆಲ್ಲ ಅದರದೇ ಕಪ್ಪು ತೋಳು. ಮೂಲ ಎಸ್‌ಎಂ7 ಬಂದದ್ದು 1973ರಲ್ಲಿ. ಗೆಳೆಯರೊಬ್ಬರು ನಾಲ್ಕು ತಿಂಗಳು ಬಳಸಲು ಕೊಟ್ಟಿದ್ದರು. ಮಾತಿಗೆ, ಗಮಕ ವಾಚನದ ವ್ಯಾಖ್ಯಾನಕ್ಕೆ, ಅರ್ಥಗಾರಿಕೆಗೆ ಇದು ನಿಜಕ್ಕೂ ಸೊಗಸು: ದನಿಗೆ ಮೈ ಬರುತ್ತದೆ, ಮಹಾಪ್ರಾಣಗಳು ದಪ್ಪ ಸ್ಪಂಜಿನಲ್ಲಿ ಅಡಗುತ್ತವೆ, ಹಿಂಬದಿಯ ಎರಡು ಸ್ವಿಚ್ಚುಗಳಲ್ಲಿ ಒಂದು ಮಂದ್ರವನ್ನು ಇಳಿಸುತ್ತದೆ, ಇನ್ನೊಂದು ಮಧ್ಯಭಾಗವನ್ನು ಮುಂದಕ್ಕೆ ತರುತ್ತದೆ. ಆದರೆ ಇದರಿಂದ ಹೊರಡುವ ವಿದ್ಯುತ್ ಸಂಕೇತ ತೀರ ಕ್ಷೀಣ. ಅದನ್ನು ಸುಮಾರು 60 ಡೆಸಿಬೆಲ್ ಎತ್ತಬೇಕು. ಆಗ ನನ್ನಲ್ಲಿದ್ದ ಇಂಟರ್‌ಫೇಸಿನ ಗರಿಷ್ಠ ಶಕ್ತಿ 56. ನಡುವೆ ಇನ್ನೊಂದು ಬೂಸ್ಟರ್ ಡಬ್ಬಿ ಸೇರಿಸಬೇಕಾಯಿತು, ಅದರ ಬೆಲೆಯೇ ಒಂದು ಎಸ್‌ಎಂ58ರಷ್ಟು. ಒಂದು ಸಂಜೆ ಯಾವುದು ಯಾವ ಮೈಕಿನದೆಂದು ಹೇಳದೆ, ಅದೇ ಭಾಗವತರಿಗೆ ಅವರದೇ ಪದವನ್ನು ಎರಡರಲ್ಲೂ ಕೇಳಿಸಿದೆ. ಅವರು 58ರದ್ದನ್ನೇ ಆರಿಸಿದರು. ‘ಇದ್ರಲ್ಲಿ ನನ್ನ ದನಿ ಇದೆ ಮಾರಾಯ, ಅದ್ರಲ್ಲಿ ರೇಡಿಯೋದವ್ರ ದನಿ ಇದೆ’ ಎಂದರು. ಹಾಡುಗಾರಿಕೆಯೇ ಮುಖ್ಯವಾದ ಸ್ಟುಡಿಯೋಗೆ ಮೂರು ಪಟ್ಟಿಗೂ ಮಿಕ್ಕ ಬೆಲೆ ತೆರುವುದಕ್ಕೆ ನನಗೆ ಕಾರಣ ಕಾಣಲಿಲ್ಲ.

ಗೋಡೆಗಳ ಮುಂದೆ ರಾಕ್‌ವುಲ್ ನಿಂತ ಮೇಲೆ, ಎರಡು ವರ್ಷಗಳ ಹಿಂದೆ, ಆಸ್ಟ್ರೇಲಿಯಾದ ರೋಡ್ ಕಂಪನಿಯ ಎನ್‌ಟಿ1 ಐದನೇ ತಲೆಮಾರಿನ ಮೈಕನ್ನು ಕೊಂಡೆ. ಇದರ ಸ್ವಂತ ಸದ್ದು 4 ಡೆಸಿಬೆಲ್ ಮಾತ್ರ. ಕಾಗದದ ಮೇಲೆ ಇದು ಬೆರಗು ಹುಟ್ಟಿಸುವ ಅಂಕಿ, ಆದರೆ ಮೊದಲೇ ಹೇಳಿದಂತೆ ಜೀರುಂಡೆಗಳಿರುವ ಊರಿನಲ್ಲಿ ಅದರ ಪೂರ್ಣ ಪ್ರಯೋಜನ ಸಿಗುವುದಿಲ್ಲ. ನನಗೆ ಒಪ್ಪಿಗೆಯಾದದ್ದು ಇದರ ಮೃದುತ್ವ. ಶಕಾರ ಚುಚ್ಚುವುದಿಲ್ಲ, ತಂಬೂರಿಯ ತಂತಿಯಿಂದ ಏಳುವ ಜೀವಾಳದ ಝೇಂಕಾರ ಎಳೆಎಳೆಯಾಗಿ ಕೇಳುತ್ತದೆ, ಹೆಂಗಸರ ದನಿಯಲ್ಲಿ ಗಮಕದ ಸಣ್ಣ ಬಾಗು ಕೂಡ ಉಳಿಯುತ್ತದೆ. ಅಲುಗಾಟದ ಸದ್ದು ತಡೆಯುವ ಶಾಕ್ ಮೌಂಟ್, ಪಾಪ್ ಫಿಲ್ಟರ್ ಪೆಟ್ಟಿಗೆಯಲ್ಲೇ ಬರುತ್ತವೆ. ಬುಡದಲ್ಲಿ ಯುಎಸ್‌ಬಿ ಕಿಂಡಿಯೂ ಇದೆ, ಅದರ ಮೂಲಕ 32 ಬಿಟ್ ಫ್ಲೋಟ್ ವಿಧಾನದಲ್ಲಿ ಮುದ್ರಿಸಿದರೆ ದನಿ ಮಟ್ಟ ಮೀರಿದರೂ ಕಡತ ಹಾಳಾಗುವುದಿಲ್ಲ, ಆಮೇಲೆ ಇಳಿಸಿಕೊಳ್ಳಬಹುದು. ಒಬ್ಬರೇ ಕುಳಿತು ಓದುವ ಕೆಲಸಕ್ಕೆ ಇದು ವರ. ಇನ್ನೊಂದು ಮೈಕನ್ನು ಜೊತೆಗೆ ಬಳಸಬೇಕಾದರೆ ಯುಎಸ್‌ಬಿ ದಾರಿ ಕಗ್ಗಂಟು. ಎರಡು ಉಪಕರಣಗಳ ಗಡಿಯಾರಗಳು ಒಂದಕ್ಕೊಂದು ಹೊಂದುವುದಿಲ್ಲ, ಸಾಧಾರಣ ಎಕ್ಸ್‌ಎಲ್‌ಆರ್ ಕೇಬಲ್ಲಿಗೇ ಮರಳಬೇಕು.

ಮಲೆನಾಡಿನಲ್ಲಿ ಕಂಡೆನ್ಸರ್ ಸಾಕುವುದು ಸುಲಭವಲ್ಲ. ಆಷಾಢದ ಒಂದು ಮಧ್ಯಾಹ್ನ, ನನ್ನಲ್ಲಿದ್ದ ಇನ್ನೊಂದು ಹಳೆಯ ಕಂಡೆನ್ಸರ್ ಮೈಕು ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟಗುಟ್ಟಲು ತೊಡಗಿತು. ಪೊರೆಯ ಸುತ್ತ ತೇವ ಕುಳಿತರೆ ಅಲ್ಲಿ ನಿಲ್ಲಬೇಕಾದ ವಿದ್ಯುದಂಶ ಸೋರುತ್ತದೆ, ಸದ್ದು ಅದರದೇ. ಆ ದಿನದಿಂದ ಎಲ್ಲ ಕಂಡೆನ್ಸರುಗಳನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ತುಂಬಿದೆ ಎಂದರ್ಥ. ಬಿಸಿಲಿದ್ದರೆ ಬಿಸಿಲಿಗೆ, ಇಲ್ಲವಾದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ. ಡೈನಮಿಕ್ ಮೈಕುಗಳಿಗೆ ಈ ಉಪಚಾರ ಬೇಕಿಲ್ಲ, ನನ್ನ 57 ಮೂರು ಮಳೆಗಾಲ ಗೋಡೆಯ ಗೂಟಕ್ಕೆ ನೇತಾಡಿಕೊಂಡೇ ಕಳೆದಿದೆ. ಮಳೆ ಹಂಚಿನ ಮೇಲೆ ಸುರಿಯುವಾಗ ಯಾವ ಮೈಕಿನಿಂದಲೂ ಕೆಲಸವಾಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಹಾಡುಗಾರಿಕೆಯ ದಿನಾಂಕ ಕೊಡುವುದನ್ನೇ ಬಿಟ್ಟಿದ್ದೇನೆ.

ಮೃದಂಗಕ್ಕೆ ಎರಡು ಮೈಕು: ಬಲಕ್ಕೆ ಎಟಿ2020, ಎಡಕ್ಕೆ ಎಸ್‌ಎಂ57, ಎರಡೂ ಒಂದೊಂದು ಗೇಣು ದೂರದಲ್ಲಿ. ಮೊದಲ ಸಲ ಹೀಗೆ ಮುದ್ರಿಸಿದಾಗ ಒಂದು ತಾಸಿನ ನಂತರದ ನುಡಿಸಾಣಿಕೆಯಲ್ಲಿ ಎಡದ ಗುಂಕಾರ ಒಣಗಿದಂತೆ ಕೇಳಿಸಿತು. ಕೇಬಲ್ ಬದಲಿಸಿದೆ, ಮೈಕು ಬದಲಿಸಿದೆ, ಇಂಟರ್‌ಫೇಸಿನ ಕಿಂಡಿ ಬದಲಿಸಿದೆ. ಹುಡುಗ ಸುಮ್ಮನೆ ನೋಡುತ್ತಿದ್ದವನು ಕೊನೆಗೆ, ‘ಅಣ್ಣಾ, ರವೆ ಒಣಗಿದೆ’ ಎಂದ. ಎಡಮುಚ್ಚಿಗೆಗೆ ಮೆತ್ತಿದ ರವೆಯ ಕಣಕ ಫ್ಯಾನಿನ ಗಾಳಿಗೆ ಒಣಗಿ ಹಗುರಾಗಿತ್ತು. ನೀರು ಸವರಿ ಒತ್ತಿದ ಮೇಲೆ ನಾದ ಮರಳಿತು. ಈಗ ಪ್ರತಿ ಮುದ್ರಣಕ್ಕೆ ಮೊದಲು ನೀರಿನ ಬಟ್ಟಲೊಂದನ್ನು ಪಕ್ಕದಲ್ಲಿಡುತ್ತೇನೆ.

ಇಂಟರ್‌ಫೇಸು ಎಂದರೆ ಮೈಕಿನ ಸಂಕೇತವನ್ನು ಎತ್ತಿ, ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ. ನನ್ನಲ್ಲಿರುವುದು ಬ್ರಿಟನ್ನಿನ ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ 2ಐ2. ಮೊದಲು ಮೂರನೇ ತಲೆಮಾರಿನದಿತ್ತು, ಈಗ 2023ರಲ್ಲಿ ಬಂದ ನಾಲ್ಕನೆಯದು. ಗೇನ್ 56ರಿಂದ 69 ಡೆಸಿಬೆಲ್‌ಗೆ ಏರಿರುವುದೊಂದೇ ಬದಲಾಯಿಸಲು ಸಾಕಷ್ಟು ಕಾರಣ. ಡೈನಮಿಕ್ ಮೈಕುಗಳನ್ನು ಈಗ ಬೂಸ್ಟರ್ ಇಲ್ಲದೆ ಬಳಸುತ್ತೇನೆ. ಮಟ್ಟವನ್ನು ತಾನೇ ಹೊಂದಿಸುವ ಆಟೋ ಗೇನ್ ಎಂಬ ಗುಂಡಿಯೂ ಇದೆ. ಅದು ಹತ್ತು ಸೆಕೆಂಡು ಕೇಳಿ ತೀರ್ಮಾನಿಸುತ್ತದೆ. ನಮ್ಮ ಸಂಗೀತದಲ್ಲಿ ಹತ್ತು ಸೆಕೆಂಡಿಗೆ ಆಲಾಪದ ಮೊದಲ ಉಸಿರೂ ಮುಗಿದಿರುವುದಿಲ್ಲ; ಮಂದ್ರದಲ್ಲಿ ಮೆಲ್ಲಗೆ ಆರಂಭಿಸಿದವರು ಏರುಪದಕ್ಕೆ ಬಂದಾಗ ಕೆಂಪು ದೀಪ ಹತ್ತುತ್ತದೆ. ಗುಂಡಿ ಒತ್ತುವ ಮೊದಲು ‘ನಿಮ್ಮ ಅತಿ ಎತ್ತರದ ಸಾಲನ್ನು ಹಾಡಿ’ ಎಂದು ಕೇಳಿಕೊಂಡರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಮಟ್ಟ ಮೀರುವ ಸೂಚನೆ ಕಂಡೊಡನೆ ಗೇನನ್ನು ತಾನೇ ತಗ್ಗಿಸುವ ಕ್ಲಿಪ್ ಸೇಫ್ ನನ್ನನ್ನು ಎರಡು ಮೂರು ಸಲ ಕಾಪಾಡಿದೆ. ಏರ್ ಎಂಬ ಗುಂಡಿ ತಾರದ ಹೊಳಪನ್ನು ಹೆಚ್ಚಿಸುತ್ತದೆ; ಎಟಿ2020ರ ಜೊತೆ ಅದನ್ನು ಒತ್ತುವುದು ಗಾಯಕ್ಕೆ ಉಪ್ಪು.

ಪೆಟ್ಟಿಗೆಯ ಮೇಲೆ 192 ಕಿಲೋಹರ್ಟ್ಸ್ (ಸೆಕೆಂಡಿಗೆ 1,92,000 ಸಲ ದನಿಯನ್ನು ಅಳೆಯುವುದು) ಎಂದು ಬರೆದಿರುವುದಕ್ಕೆ ಮರುಳಾಗಬೇಕಿಲ್ಲ. ನಾನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲೇ ಮುದ್ರಿಸುತ್ತೇನೆ. ಒಂದು ಮೈಕಿಗೆ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್ ಜಾಗ ಸಾಕು, 192ರಲ್ಲಾದರೆ ಅದರ ನಾಲ್ಕು ಪಟ್ಟು, ಕಿವಿಗೆ ಸಿಗುವ ಲಾಭ ಶೂನ್ಯ.

ಮುದ್ರಣದಲ್ಲಿ ಸೇರಿಕೊಳ್ಳುವ ಕರೆಂಟಿನ ಗುಂಗಿನ ವಿಷಯವನ್ನು ಹಳ್ಳಿಯಲ್ಲಿ ಸ್ಟುಡಿಯೋ ಮಾಡುವವರು ಮೊದಲೇ ಯೋಚಿಸಬೇಕು. ಕರೆಂಟು ಹೋಗಿ ಇನ್ವರ್ಟರ್ ಹೊತ್ತಿಕೊಂಡಾಗ ನಮ್ಮ ಹಳೆಯ ಸ್ಕ್ವೇರ್ ವೇವ್ ಯಂತ್ರದಿಂದ ಹೆಡ್‌ಫೋನಿನಲ್ಲಿ ಕಣಜ ಹೊಕ್ಕಂತೆ ಸದ್ದು. ಸೈನ್ ವೇವ್ ಇನ್ವರ್ಟರಿಗೆ ಬದಲಿಸಿದ ಮೇಲೆ ಅದು ಹೋಯಿತು, 50 ಹರ್ಟ್ಸ್‌ನ ಸಣ್ಣ ಗುಂಗು ಮಾತ್ರ ಉಳಿಯಿತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಗುಂಗು ನಿಲ್ಲುತ್ತದೆ, ಹಾಕಿದರೆ ಬರುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೇಗೋ ತುರುಕಿದ್ದು ನಮ್ಮ ಮನೆಯ ವಯರಿಂಗಿನ ಮಹಿಮೆ. ಎಲೆಕ್ಟ್ರಿಷಿಯನ್ ಬಂದು ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಿ ಹೊಸ ಅರ್ಥಿಂಗ್ ಮಾಡಿಕೊಟ್ಟರು, ಗುಂಗು ಅಡಗಿತು. ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕುವುದು ಈಗ ಸ್ಟುಡಿಯೋದ ಕೆಲಸಗಳಲ್ಲಿ ಒಂದು.

ಹೆಡ್‌ಫೋನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೋನಿಯ ಎಂಡಿಆರ್-7506 ನನ್ನ ಕಿವಿಗೆ, ಬೇಯರ್‌ಡೈನಮಿಕ್ ಡಿಟಿ 770 ಪ್ರೋ ಗಾಯಕರ ಕಿವಿಗೆ; ಎರಡೂ ಕಿವಿಯನ್ನು ಪೂರ್ತಿ ಮುಚ್ಚುವಂಥವು. ತೊಂದರೆ ಹೆಡ್‌ಫೋನಿನದಲ್ಲ. ನಮ್ಮ ಗಾಯಕರಿಗೆ ತಮ್ಮ ದನಿಯನ್ನು ಬಯಲಿನಲ್ಲಿ ಕೇಳಿಸಿಕೊಂಡೇ ಅಭ್ಯಾಸ, ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಒಂದು ಕಿವಿಯಿಂದ ಅದನ್ನು ಸರಿಸಿರುತ್ತಾರೆ. ಆ ತೆರೆದ ಕಿವಿಯಿಂದ ಸೋರುವ ಎಲೆಕ್ಟ್ರಾನಿಕ್ ತಂಬೂರಿ ನೇರವಾಗಿ ಮೈಕಿಗೆ ಹೋಗುತ್ತದೆ. ಸರಿಸಿದ ಬದಿಯ ದನಿಯನ್ನು ಸಾಫ್ಟ್‌ವೇರಿನಲ್ಲಿ ಮುಚ್ಚಿ, ಒಂದೇ ಕಿವಿಗೆ ಕಳಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಸ್ಪೀಕರುಗಳು ಯಮಹಾ ಎಚ್‌ಎಸ್5. ಇವು 54 ಹರ್ಟ್ಸ್‌ನಿಂದ ಕೆಳಗಿನದನ್ನು ಸರಿಯಾಗಿ ನುಡಿಸಲಾರವು ಎಂಬುದು ಕೊರತೆಯೆಂದು ಕೆಲವರು ಹೇಳುತ್ತಾರೆ. 47ರಲ್ಲಿ ತಾನೇ ಗುಂಯ್ಗುಡುವ ಕೋಣೆಯಲ್ಲಿ ಅದು ಕೊರತೆಯಲ್ಲ. ಇವುಗಳ ದನಿಯಲ್ಲಿ ಒಯ್ಯಾರವಿಲ್ಲ, ತಪ್ಪನ್ನು ತಪ್ಪೆಂದೇ ತೋರಿಸುತ್ತವೆ.

ಕೇಬಲ್ಲುಗಳನ್ನು ಸಿದ್ಧವಾಗಿ ಕೊಳ್ಳುವುದು ನಿಲ್ಲಿಸಿದ್ದೇನೆ. ಬೆಂಗಳೂರಿಗೆ ಹೋದಾಗ ಎಸ್‌.ಪಿ. ರಸ್ತೆಯಲ್ಲಿ ಮೀಟರು ಲೆಕ್ಕದಲ್ಲಿ ತಂತಿಯನ್ನೂ ನ್ಯೂಟ್ರಿಕ್ ಕನೆಕ್ಟರುಗಳನ್ನೂ ತಂದು ನಾನೇ ಬೆಸುಗೆ ಹಾಕುತ್ತೇನೆ. ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂಬುದಾದರೂ ತಿಳಿದಿರುತ್ತದೆ. ಸ್ಟ್ಯಾಂಡಿನಲ್ಲಿ ಮಾತ್ರ ಜಿಪುಣತನ ಬೇಡ. ಕಡಿಮೆ ಬೆಲೆಯ ಬೂಮ್ ಸ್ಟ್ಯಾಂಡೊಂದು 765 ಗ್ರಾಮಿನ ಎಸ್‌ಎಂ7ಬಿಯನ್ನು ಹೊರಲಾರದೆ, ಹಾಡಿನ ಪಲ್ಲವಿಯಿಂದ ಚರಣದವರೆಗೆ ಇಂಚಿಂಚಾಗಿ ತಲೆ ಬಾಗಿಸುತ್ತ ಹೋಗಿ, ಮುಗಿಯುವ ಹೊತ್ತಿಗೆ ಗಾಯಕರ ಎದೆಯನ್ನು ಮುದ್ರಿಸುತ್ತಿತ್ತು.

ಈ ಸಾಮಾನುಗಳಿಂದ ಇನ್ನೂ ಆಗದ ಕೆಲಸವೊಂದಿದೆ, ಅದು ತಾಳಮದ್ದಳೆ. ಭಾಗವತರು, ಮದ್ದಳೆ, ಚೆಂಡೆ, ನಾಲ್ವರು ಅರ್ಥಧಾರಿಗಳು ಎಂದರೆ ಕನಿಷ್ಠ ಏಳು ಮೈಕು. ನನ್ನ ಇಂಟರ್‌ಫೇಸಿಗೆ ಇರುವುದು ಎರಡೇ ಕಿಂಡಿ. ವರ್ಷಕ್ಕೆ ಎರಡು ಮೂರು ಸಲ ಬರುವ ಈ ಕೆಲಸಕ್ಕೆ ಶಿವಮೊಗ್ಗದಿಂದ ಎಂಟು ಕಿಂಡಿಯ ಇಂಟರ್‌ಫೇಸನ್ನು ಬಾಡಿಗೆಗೆ ತರುತ್ತೇನೆ, ಊರಿನ ಶಾಮಿಯಾನದವರಿಂದ ನಾಲ್ಕು 58ಗಳನ್ನು ಎರವಲು ಪಡೆಯುತ್ತೇನೆ, ಅವು ಅಸಲಿಯೇ ಎಂಬುದನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನೋಡಿಕೊಂಡೇ ಮನೆಗೆ ತರುತ್ತೇನೆ.